ಬೇಲಿ ಪಕ್ಕದ ವ್ಯಾನ್, ಮೇಲೆ ನೋಡದ ಹುಡುಗಿ

"ಕಿಟಕಿ ಇಳಿಸ್ರೀ! ಆ ಕಂಬಳಿ ಕೆಳಗೆ ಏನಿದೆ?"

ಇಂಗ್ಲಿಷಿನಲ್ಲಿ ಗದರಬೇಕೆಂದುಕೊಂಡೇ ಓಡಿಬಂದಿದ್ದಳು ಕಾಂಚನಾ. ಸಿಟ್ಟಿಗೆ ಕನ್ನಡವೇ ಬಂತು.

ಉತ್ತರ ಸ್ವೀಡನ್ನಿನ ಆ ಪುಟ್ಟ ವಿಮಾನ ನಿಲ್ದಾಣದ ಬೇಲಿ ಪಕ್ಕ, ಹಿಮದಲ್ಲಿ ನಿಂತಿದ್ದ ಬಿಳಿ ವ್ಯಾನಿನ ಗಾಜು ಮೆಲ್ಲಗೆ ಇಳಿಯಿತು.

"ಅಯ್ಯೋ... ನೀವು ಕನ್ನಡದವ್ರಾ?"

ಅವಳ ಎದೆ ಧಸಕ್ಕೆಂದಿತು! ಕೆಂಪಾದ ಮೂಗು, ನಗುವ ಕಣ್ಣು. 'ಛೆ! ಕಳ್ಳನಿಗೆ ಇಷ್ಟು ಚೆಂದದ ನಗು ಯಾಕಪ್ಪಾ ಕೊಟ್ಟೆ ದೇವರೇ?'

"ಮೊದಲು ಉತ್ತರ ಹೇಳಿ. ಇಲ್ಲೇನು ಮಾಡ್ತಿದ್ದೀರಾ?"

"ಮೇಲೆ ನೋಡ್ತಿದ್ದೆ."

ಮೇಲೇನಿರುತ್ತದೆ, ಬರೀ ಮೋಡ! ಅವಳು ಕತ್ತೆತ್ತಲೂ ಇಲ್ಲ. ಸಿಗರೇಟ್ ಲೈಟರಿನ ತೂತಿನಿಂದ ಹೊರಟ ಒಂದು ವೈರು ಕಂಬಳಿಯೊಳಗೆ ನುಸುಳಿತ್ತು. ಅವಳ ಕಣ್ಣು ಅಲ್ಲಿಗೆ ಹೋದದ್ದೇ ತಡ, ಅವನು ಕಂಬಳಿ ಇನ್ನಷ್ಟು ಎಳೆದುಕೊಂಡ.

ಸಿಕ್ಕಿಬಿದ್ದ!

ಕಾಂಚನಾಗೆ ಕಾಂಚಾಣದ ಮೋಹವಿರಲಿಲ್ಲ, ಗ್ರಾಫುಗಳ ಮೋಹವಿತ್ತು. ಕಾರ್ಲ್‌ಸ್ಕ್ರೂನಾದ ಕಂಪನಿ ಅವಳನ್ನು ಇಲ್ಲಿಗೆ ಕಳಿಸಿದ್ದೇ ಅದಕ್ಕೆ. ಉಪಗ್ರಹದ ಸಂಕೇತವನ್ನು ನಂಬಿ ವಿಮಾನಗಳು ಇಲ್ಲಿ ಇಳಿಯಬಹುದೇ ಎಂದು ಪರೀಕ್ಷಿಸಬೇಕಿತ್ತು. ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಕೂತು, ಪರದೆಯ ಮೇಲಿನ ಸಂಕೇತದ ಗೆರೆ ನಡುಗಿದಾಗಲೆಲ್ಲ ಸಿಸಿಟಿವಿ ನೋಡುತ್ತಿದ್ದಳು. ಗೆರೆ ನಡುಗಿದಾಗಲೆಲ್ಲ ಬೇಲಿ ಪಕ್ಕ ಇದೇ ವ್ಯಾನ್!

ಗಾಡಿ ಎಲ್ಲಿದೆಯೆಂದು ಮಾಲೀಕರಿಗೆ ತಿಳಿಯದಿರಲು ಕೆಲವು ಡ್ರೈವರುಗಳು ಲೈಟರಿಗೆ ಉಪಗ್ರಹದ ಸಂಕೇತ ಕೆಡಿಸುವ ಜ್ಯಾಮರ್ ಚುಚ್ಚಿಕೊಳ್ಳುವುದು ಅವಳಿಗೆ ಗೊತ್ತಿತ್ತು. ಸೂರ್ಯನಿಂದ ಬರುವ ಸೌರ ಬಿರುಗಾಳಿಯ ಅನುಮಾನವೂ ಬಂದಿತ್ತು. ಆದರೆ ಅದನ್ನು ಅಳೆಯುವ ಇಡೀ ಜಗತ್ತಿನ ಸರಾಸರಿ ಅಂಕಿ 'ಎಲ್ಲ ಶಾಂತ' ಎನ್ನುತ್ತಿತ್ತು. ಹಾಗಾದರೆ ಉಳಿದವನು ಇವನೊಬ್ಬನೇ!

ಮರುದಿನ ಕ್ಯಾಂಟೀನಿನಲ್ಲಿ ಫಿಕಾ, ಅಂದರೆ ಕಾಫಿ ವಿರಾಮದ ಹೊತ್ತಿಗೆ ಅವನೇ ಬಂದು ಎದುರು ಕೂತ. ಪ್ರಹ್ಲಾದ. ಸ್ವೀಡನ್ನಿನದೇ ಓರೆಬ್ರೂ ನಗರದಲ್ಲಿ ಬೆಳೆದವನು, ಇಲ್ಲಿನ ಆಂಬುಲೆನ್ಸ್ ವಿಮಾನದಲ್ಲಿ ನರ್ಸ್.

"ನೆಲ ತೀರಾ ಹತ್ತಿರ ಬಂದ್ರೆ ನಮ್ಮ ವಿಮಾನ ಮಾತಾಡತ್ತೆ ಗೊತ್ತಾ? ಬೆಂಗಳೂರಲ್ಲಿ ಹುಟ್ಟಿದ್ರೆ ಹೀಗನ್ನೋದು." ಮೂಗು ಹಿಡಿದು ಯಂತ್ರದ ದನಿ ತೆಗೆದ. "ನೆಲ ಬಂತು ಕಣಮ್ಮಾ... ಮೇಲೇಳು, ಮೇಲೇಳು!"

ಅವಳಿಗೆ ನಗು ಉಕ್ಕಿತು. ಮರುಗಳಿಗೆಯೇ ಒಳಮನಸ್ಸು ಚುಚ್ಚಿತು. 'ಇವನಿಗೆ ಇಷ್ಟೆಲ್ಲ ಹೇಗೆ ಗೊತ್ತು?'

"ಕಂಬಳಿ ಕೆಳಗೇನಿತ್ತು?"

ಅವನ ಮುಖ ಬಿಳಿಚಿಕೊಂಡಿತು. "ಅದು... ಬೇಡ ಬಿಡಿ. ಗೊತ್ತಾದ್ರೆ ನನ್ನನ್ನ ಬೈತಾರೆ."

ಬೈತಾರಂತೆ! ಆಮೇಲಿನ ವಾರ ಬೇಲಿಯ ಬಳಿ ಹಾದಾಗ ನೋಡಿದಳು. ಈಗ ವೈರುಗಳು ಎರಡು!

ಕಾರ್ಲ್‌ಸ್ಕ್ರೂನಾದಿಂದ ಮೇಲಧಿಕಾರಿ ರಾಮಮೂರ್ತಿ ಫೋನಿನಲ್ಲೇ ಗುಡುಗಿದರು. "ನೋಡಮ್ಮಾ, ವ್ಯಾನ್ ನಂಬರ್ ಇವತ್ತೇ ಮೇಲ್ ಮಾಡು, ಪೊಲೀಸರಿಗೆ ಕೊಡೋಣ. ಅವನ ಏರ್‌ಪೋರ್ಟ್ ಪಾಸ್ ಹೋಗತ್ತೆ, ಕೆಲಸಾನೂ ಹೋಗತ್ತೆ. ನಿಂಗೆ ಗ್ಯಾರಂಟಿ ತಾನೇ?"

"ಗ್ಯಾರಂಟಿ ಸರ್..."

ಮೇಲ್ ಬರೆದಳು. ಬೆರಳು ಕಳಿಸುವ ಗುಂಡಿಯ ಮೇಲೆ ನಿಂತಿತು. ಆ ನಗು ನೆನಪಾಯಿತು. 'ಕಾಂಚನಾ, ಇದು ಪ್ರೀತಿ ಅಲ್ಲ, ತನಿಖೆ!'

ಅಷ್ಟರಲ್ಲಿ ಪರದೆಯ ಗೆರೆ ಹುಚ್ಚೆದ್ದು ಕುಣಿಯಿತು!

ಸಿಸಿಟಿವಿ ನೋಡಿದಳು. ಬೇಲಿ ಪಕ್ಕ... ಖಾಲಿ.

ಮೇಜಿನ ರೇಡಿಯೋ ಗೊರಗುಟ್ಟಿತು. ರೋಗಿಯನ್ನು ಹೊತ್ತ ಆಂಬುಲೆನ್ಸ್ ವಿಮಾನ ಇಳಿಯುತ್ತಿದೆ. ಉಪಗ್ರಹದ ದಾರಿ ನಂಬಲಾಗುತ್ತಿಲ್ಲ, ಮೇಲೇರುತ್ತಿದ್ದೇವೆ ಎಂದ ಪೈಲಟ್.

ಪ್ರಹ್ಲಾದ ಅದರೊಳಗಿದ್ದಾನೆ!

ರಾಮಮೂರ್ತಿಗೆ ಫೋನ್ ಹಚ್ಚಿದಳು. "ಸರ್, ನೂರು ಕಿಲೋಮೀಟರ್ ದೂರದಲ್ಲಿ ಮೊನ್ನೆ ಹೊಸ ಆಂಟೆನಾ ಹಾಕಿದ್ರಲ್ಲ... ಅದರ ಗೆರೆ ಈಗ ಹೇಗಿದೆ?"

"ಇರು... ಅಯ್ಯೋ, ಅಲ್ಲೂ ಕುಣೀತಿದೆ! ಯಾವ ವ್ಯಾನಮ್ಮಾ ಅದು, ಅಷ್ಟುದ್ದ?"

ಫೋನ್ ಜೇಬಿಗೆ ತುರುಕಿ ಹೊರಗೆ ಓಡಿದಳು. ಸಂಜೆಯ ಕಾಫಿಯೂ ಆರಿರಲಿಲ್ಲ, ಹೊರಗಾಗಲೇ ಗಾಢ ಕತ್ತಲು. ಮೊದಲ ಬಾರಿಗೆ ಕತ್ತೆತ್ತಿ ನೋಡಿದಳು.

ಆಕಾಶದ ತುಂಬ ಧ್ರುವಪ್ರಭೆಯ ಹಸಿರು ಬೆಳಕು! ಸೀರೆಯ ಸೆರಗಿನಂತೆ ಬೀಸುತ್ತಿತ್ತು.

ನೂರಾರು ಕಿಲೋಮೀಟರ್ ಮೇಲಿನ ವಿದ್ಯುತ್ ಕಣಗಳ ಪದರ, ಅಯನೋಸ್ಫಿಯರ್, ಕದಡಿಹೋಗಿತ್ತು. ಅದನ್ನು ಹಾದುಬರುವ ಸಂಕೇತ ತಡವರಿಸುತ್ತಿತ್ತು, ನಡುಗುತ್ತಿತ್ತು. ಜಗತ್ತಿನ ಸರಾಸರಿ ಶಾಂತವಾಗಿದ್ದರೂ ಉತ್ತರದ ಈ ಮೂಲೆಯಲ್ಲಿ ರಂಪ! ಬೆಳಕನ್ನು ತಂದದ್ದೂ ಅದೇ, ಗೆರೆ ಕೆಡಿಸಿದ್ದೂ ಅದೇ. ಅವನು ಬೇಲಿ ಪಕ್ಕ ಬರುತ್ತಿದ್ದದ್ದು ಆ ಬೆಳಕು ನೋಡಲು.

'ನಾನು ಪರದೆ ನೋಡಿದೆ, ವ್ಯಾನ್ ನೋಡಿದೆ... ಮೇಲೆ ಮಾತ್ರ ನೋಡಲಿಲ್ಲ!'

ವಿಮಾನ ಸುತ್ತು ಹೊಡೆದು, ನೆಲದಿಂದ ಹೊಮ್ಮುವ ಹಳೆಯ ರೇಡಿಯೋ ಕಿರಣ ಹಿಡಿದು ಬಂತು. ಚಕ್ರಗಳು ನೆಲ ಮುಟ್ಟಿದಾಗ ಅವಳ ಕಣ್ಣು ತುಂಬಿತ್ತು. ಫೋನ್ ತೆಗೆದು ಆ ಮೇಲ್ ಅಳಿಸಿದಳು.

ರೋಗಿಯನ್ನು ಒಪ್ಪಿಸಿ ಪ್ರಹ್ಲಾದ, ನಿಲ್ದಾಣದ ಕಟ್ಟಡದ ಹಿಂದೆ ನಿಲ್ಲಿಸಿದ್ದ ವ್ಯಾನಿನ ಬಳಿ ಬಂದಾಗ ಅವಳು ಅಲ್ಲೇ ನಿಂತಿದ್ದಳು.

"ನಿಮ್ಮ ಕೆಲಸ ತೆಗೆಸೋಕೆ ಹೊರಟಿದ್ದೆ ಪ್ರಹ್ಲಾದ್. ಜ್ಯಾಮರ್ ಇದೆ ಅಂತ ಮೇಲ್ ಬರೆದಿದ್ದೆ... ಕಳಿಸ್ಲಿಲ್ಲ."

ಅವನ ನಗು ಮಾಯವಾಯಿತು.

"ಒಂದು ಸಲ ಬಂದು ಕೇಳ್ಬೋದಿತ್ತಲ್ವಾ?"

"ಕೇಳಿದ್ದೆ. ನೀವು ಮುಚ್ಚಿಟ್ರಿ."

ಅದೂ ನಿಜ. ಅವನು ನಿಟ್ಟುಸಿರಿಟ್ಟು ಕಂಬಳಿ ಸರಿಸಿದ. ಊಟ ಬಿಸಿ ಮಾಡುವ ಎರಡು ಕರೆಂಟ್ ಡಬ್ಬಿಗಳು! ಮುಚ್ಚಳ ತೆಗೆದರೆ ಉಪ್ಪಿಟ್ಟು.

"ಆಸ್ಪತ್ರೆ ವ್ಯಾನಲ್ಲಿ ತಿನ್ನಂಗಿಲ್ಲ, ರೂಲ್ಸು. ಅದಕ್ಕೇ ಮುಚ್ಚಿಟ್ಟೆ."

"ಎರಡನೇದು?"

"ನೀವು ಬೈದ ದಿನದಿಂದ ತರ್ತಾ ಇದೀನಿ. ಕೊಡೋ ಧೈರ್ಯ ಬರ್ಲಿಲ್ಲ." ಅವನ ದನಿ ಇಳಿಯಿತು. "ಮೊದಮೊದಲು ಬೆಳಕು ನೋಡೋಕೆ ಬರ್ತಿದ್ದೆ ಕಾಂಚನಾ. ಆಮೇಲೆ... ಬೆಳಕು ಬಂದ್ರೆ ನೀವು ಹೊರಗೆ ಓಡಿಬರ್ತೀರಾ ಅಂತ."

ಅವಳ ಕೆನ್ನೆ ಚಳಿಯಲ್ಲೂ ಬಿಸಿಯಾಯಿತು. ಡಬ್ಬಿ ಕೈಗೆ ತೆಗೆದುಕೊಂಡಳು.

"ತಣ್ಣಗಿದೆ ಕಣೋ."

"ಪ್ಲಗ್ ಹಾಕ್ಲಾ? ಅನುಮಾನ ಪಡಲ್ಲ ತಾನೇ?"

ನಕ್ಕಳು. ಅವನ ಭುಜಕ್ಕೆ ಭುಜ ತಾಗಿಸಿ ನಿಂತು, ಮೇಲೆ ನೋಡುತ್ತಲೇ ಮೆಲ್ಲಗೆ ಕೇಳಿದಳು.

"ನಾಳೆ ಮೋಡ ಮುಚ್ಚಿ, ಬೆಳಕೇ ಕಾಣದಿದ್ರೆ?"

"ವ್ಯಾನ್ ಕಾಣತ್ತೆ."