ಒಂದು ನೆನಪು ಕೊಡು, ಅಮ್ಮನನ್ನು ಬಿಡುತ್ತೇವೆ

ಒಣಹುಲ್ಲು ಸುಟ್ಟ ವಾಸನೆ. ಅದರ ಬೆನ್ನಿಗೇ ಕಾದ ಚರ್ಮದ ವಾಸನೆ.

ಬಾಲ್ಯದಿಂದ ನನಗೆ ಉಳಿದಿರುವುದು ಇದೊಂದೇ. ಅದಕ್ಕೊಂದು ಚಿತ್ರವಿಲ್ಲ, ಮಾತಿಲ್ಲ, ಮುಖವಿಲ್ಲ. ಬರೀ ವಾಸನೆ.

ಅದು ಮತ್ತೆ ಮೂಗಿಗೆ ಬಡಿದಾಗ ನನ್ನ ಕುತ್ತಿಗೆಯ ಮೇಲೆ ಒಂದು ಮಚ್ಚಿತ್ತು!

"ಅಲ್ಲಾಡಬೇಡ!"

"ಅಲ್ಲಾಡ್ತಿಲ್ಲ."

"ನಿಮ್ಮಮ್ಮನ ಬಗ್ಗೆ ಒಂದು ನೆನಪು ಹೇಳು. ಈಗಲೇ!"

ಪೊಲೀಸ್ ಕೆಲಸದಲ್ಲಿ ತಲೆ ನರೆತವಳು ನಾನು. ಮಚ್ಚು ತೋರಿಸಿ ಚಿನ್ನ ಕೇಳಿದವರನ್ನು ನೋಡಿದ್ದೇನೆ. ಜಮೀನು ಕೇಳಿದವರನ್ನು ನೋಡಿದ್ದೇನೆ. ನೆನಪು ಕೇಳಿದವನನ್ನು ನೋಡಿದ್ದು ಇದೇ ಮೊದಲು.

ತಮಾಷೆಯೆಂದರೆ, ಅದೊಂದು ಮಾತ್ರ ನನ್ನ ಬಳಿ ಇರಲಿಲ್ಲ.

ತಡೆಯಿರಿ. ಬೆಳಿಗ್ಗೆಯಿಂದ ಹೇಳುತ್ತೇನೆ.

ನಾನು ವೆಳ್ಳತ್ತಾಯಿ. ಊರು ಮದುರೈ, ಸೆಲ್ಲೂರು. ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತಳಾದೆ. ಈಗ ಹೆಣ್ಣಿನ ಕಡೆಯವರಿಗಾಗಿ ಗಂಡುಗಳ ಪತ್ತೇದಾರಿ ಮಾಡುತ್ತೇನೆ. ಕುಡಿಯುತ್ತಾನಾ, ಇನ್ನೊಂದು ಸಂಸಾರ ಇದೆಯಾ, ತಲೆಗೂದಲು ಸ್ವಂತದ್ದಾ... ಎಲ್ಲ ನನ್ನ ಇಲಾಖೆ.

ನನ್ನ ತಲೆ ಒಂದು ವಿಚಿತ್ರ ಠಾಣೆ. ದೊಡ್ಡವಳಾದ ಮೇಲಿನ ಎಲ್ಲ ಘಟನೆಗಳೂ ದಾಖಲಾಗಿವೆ. ಜಾಗ, ಸಮಯ, ಹಾಜರಿದ್ದವರು. ನನ್ನ ಮದುವೆ ಯಾವ ಛತ್ರದಲ್ಲಾಯಿತು ಎಂದು ಕೇಳಿ, ತಕ್ಷಣ ಹೇಳುತ್ತೇನೆ. ಕಣ್ಣು ಮುಚ್ಚಿ ಆ ದಿನವನ್ನು ನೋಡು ಅಂದರೆ... ಕತ್ತಲು. ನಾನು ಅಲ್ಲಿದ್ದೆ ಅನ್ನುವುದಕ್ಕೆ ಫೋಟೊವೇ ಗತಿ.

ಗಂಡ ತೀರಿಕೊಂಡ ದಿನ ನಾನು ಅಳಲಿಲ್ಲವಂತೆ. ಬಂದವರ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಸಾಲಾಗಿಟ್ಟೆನಂತೆ. ಕಲ್ಲೆದೆ ಅಂದರು ಜನ. ಕಲ್ಲಾಗಿದ್ದರೆ ಭಾರವಾದರೂ ಗೊತ್ತಾಗಬೇಕಿತ್ತಲ್ಲ!

ಇನ್ನು ನನ್ನ ತಾಯಿ ಯಾರು ಗೊತ್ತೇ? ಮಾಯಕ್ಕಾಳ್! ಒಪ್ಪಾರಿ ಹಾಡುವವಳು. ಸಾವಿನ ಮನೆಗೆ ಹೋಗಿ, ಗುರುತು ಪರಿಚಯವಿಲ್ಲದ ಹೆಣದ ಮುಂದೆ ಎದೆ ಬಡಿದುಕೊಂಡು, ಆಸ್ತಿಗಾಗಿ ಕಾದು ಕುಳಿತ ಅಳಿಯನನ್ನೂ ಅಳಿಸುವವಳು. ಅವಳ ಹೊಟ್ಟೆಯಲ್ಲಿ ನಾನು! ದೇವರಿಗೂ ಆಗಾಗ ಕುಚೋದ್ಯ ಮಾಡಬೇಕು ಅನ್ನಿಸುತ್ತದೆ.

ಆ ಬೆಳಿಗ್ಗೆ ಒಬ್ಬ ಗಂಡಿನ ವಿಗ್ ಖಚಿತಪಡಿಸಿಕೊಂಡು ಮನೆಗೆ ಬಂದೆ.

ಬಾಗಿಲು ತೆರೆದಿತ್ತು. ಅಮ್ಮ ಇಲ್ಲ.

ಅವಳ ಕೋಲು ಇಲ್ಲ. ಎಲೆಅಡಿಕೆ ಚೀಲ ಇಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಕಿಟಕಿಯ ಮೇಲೆ, ನಾನು ಇಟ್ಟಲ್ಲೇ.

ಫೋನ್ ಬಡಿದುಕೊಂಡಿತು. ಗಡಸು ದನಿ. ಬಟ್ಟೆ ಮುಚ್ಚಿ ಮಾತಾಡುತ್ತಿದ್ದ.

"ನಿಮ್ಮಮ್ಮ ನಮ್ಮ ಹತ್ರ ಇದಾಳೆ."

"ಎಷ್ಟು ಬೇಕು?"

"ದುಡ್ಡು ಬೇಡ. ನಿಮ್ಮಮ್ಮನ ಒಂದು ನೆನಪು ಬೇಕು. ಕೇಳಿದೋರಿಗೆ ಕಣ್ಣಲ್ಲಿ ನೀರು ಬರಬೇಕು. ಅಲ್ಲೀವರೆಗೂ ಮುದುಕಿ ಬಾಯಿಗೆ ಒಂದು ಅಗುಳು ಹೋಗಲ್ಲ!"

ಸಕ್ಕರೆ ಕಾಯಿಲೆಯ ಮುದುಕಿ. ಹೊಟ್ಟೆಗಿಲ್ಲದಿದ್ದರೆ ಮಧ್ಯಾಹ್ನದೊಳಗೆ ಬಿದ್ದುಹೋಗುತ್ತಾಳೆ.

"ಬರ್ಕೊ," ಅಂದೆ. "ಹೆಸರು ಮಾಯಕ್ಕಾಳ್. ಎಣ್ಣೆಗಪ್ಪು ಮೈಬಣ್ಣ. ಎಡಗೆನ್ನೆಯಲ್ಲಿ ಮಚ್ಚೆ. ನಡೆಯುವಾಗ ಬಲಗಾಲು ಎಳೀತಾಳೆ..."

"ಏಯ್! ಇದು ನೆನಪಾ, ಕಾಣೆಯಾದವರ ಪ್ರಕಟಣೆಯಾ?"

ಕಟ್!

ಹೊಸ್ತಿಲ ಬಳಿ ಒಂದು ಕಾಗದದ ಪೊಟ್ಟಣ. ಬಿಚ್ಚಿದೆ. ಅಮ್ಮನ ಕಿವಿಯ ಬಂಗಾರ! ಹೆಗಲಿಗೆ ತಾಗುವಷ್ಟು ಜೋಲುವ ಆ ಹಳೆಯ ಗುಂಡು, ಮದುವೆಯಾದಾಗಿನಿಂದ ಅವಳ ಕಿವಿ ಬಿಟ್ಟಿರಲಿಲ್ಲ. ಪೊಟ್ಟಣದೊಳಗೆ ಕರಿ ಹುಲ್ಲಿನ ಚೂರು. ಮೂಗಿಗೆ ಹಿಡಿದೆ.

ಅದೇ ವಾಸನೆ...

ಕೈಯಲ್ಲಿದ್ದ ಮೊಪೆಡ್ಡಿನ ಬೀಗದಕೈ ಬಗ್ಗಿಹೋಗಿತ್ತು. ಯಾವಾಗ ಬಗ್ಗಿಸಿದೆನೋ ಗೊತ್ತಿಲ್ಲ.

ನೆನಪಿಲ್ಲದಿದ್ದರೆ ಸಾಲ ತರಬೇಕು. ಪಕ್ಕದ ಮನೆಯ ಸೀನಿಯಮ್ಮಾಳ್ ತನ್ನ ಹಿತ್ತಿಲಲ್ಲಿ ಕೂತು ಮಲ್ಲಿಗೆ ಕಟ್ಟಿ ಮಾರುವವಳು. ನಾನು ಹುಟ್ಟಿದಾಗಿನಿಂದ ನೋಡಿದ್ದಾಳೆ.

"ಚಿಕ್ಕಮ್ಮಾ, ನಾನು ಚಿಕ್ಕೋಳಿದ್ದಾಗ ಅಮ್ಮ ನನಗೇನು ಮಾಡಿದ್ಳು? ಬೇಗ ಹೇಳು!"

"ಇದೇನೇ, ಬೆಳಿಗ್ಗೇನೇ? ... ಜ್ವರ ಬಂದಾಗ ತುಂಬಿದ ವೈಗೈ ಹೊಳೇಲಿ ತಲೆ ಮೇಲೆ ಕೂರಿಸಿಕೊಂಡು ದಾಟಿದ್ಳಲ್ಲ."

ಸೊಗಸಾಗಿತ್ತು! ಆ ನಂಬರಿಗೇ ಫೋನ್ ಮಾಡಿ, ಒಂದಷ್ಟು ಗುಡುಗು ಮಿಂಚು ಸೇರಿಸಿ ಒಪ್ಪಿಸಿದೆ. ಆ ಕಡೆ ಪಿಸುಪಿಸು. ಆಮೇಲೆ ಒಂದು ಸಿಡುಕು.

"ಸುಳ್ಳು! ಹೊಳೆ ದಾಟಿಸಿದ್ದು ನಿನ್ನ ತಂಗಿಯನ್ನಂತೆ. ನಿನಗೆ ಜ್ವರವೇ ಬರ್ತಿರಲಿಲ್ವಂತೆ, ಗೂಳಿ ಹಂಗಿದ್ದೆಯಂತೆ! ಇನ್ನೊಂದು ಸಲ ಸುಳ್ಳು ಹೇಳಿದ್ರೆ ಚೆನ್ನಾಗಿರಲ್ಲ ಅಕ್ಕಾ!"

ಅಕ್ಕಾ? ಅಪಹರಣಕಾರನ ಬಾಯಲ್ಲಿ ಅಕ್ಕಾ?

ಅಷ್ಟರಲ್ಲಿ ಅವನ ಹಿಂದೆ ಏನೋ ಸದ್ದಾಯಿತು. ಠಣ್... ಠಣ್... ಬಿಗಿಯಾಯಿತೇ ಎಂದು ಯಾರೋ ತಮಟೆಗೆ ಬೆರಳು ಬಡಿದು ನೋಡುತ್ತಿದ್ದರು.

ಒಣಹುಲ್ಲು. ತಮಟೆ. ಹುಲ್ಲಿನ ಬೆಂಕಿಯಲ್ಲಿ ತಮಟೆ ಕಾಯಿಸುತ್ತಿದ್ದಾರೆ!

"ಚಿಕ್ಕಮ್ಮಾ, ಇವತ್ತು ಈ ಕಡೆ ಯಾರು ಸತ್ತಿದ್ದಾರೆ?"

"ಯಾರೂ ಇಲ್ಲ ಕಣೇ. ನನ್ನ ವ್ಯಾಪಾರ ನೋಡು, ಹೆಂಗಿದೆ." ಅವಳು ನೂಲನ್ನು ಹಲ್ಲಲ್ಲಿ ಕಡಿದಳು. "ರಾಕ್ಕಾಯಿ ಮಾತ್ರ ಒಂದು ದೊಡ್ಡ ಹಾರ ತಗೊಂಡ್ಹೋದ್ಳು. ಯಾರಿಗೆ ಅಂದೆ. ಮಧ್ಯಾಹ್ನಕ್ಕೆ ಬೇಕಾಗುತ್ತೆ ಅಂದ್ಳು."



ರಾಕ್ಕಾಯಿ ಅಮ್ಮನ ಶಿಷ್ಯೆ. ಈಗ ಒಪ್ಪಾರಿ ಮೇಳ ಅವಳದ್ದೇ. ಆ ಮೇಳದ ಕೆಲಸದ ಕ್ರಮ ನನಗೆ ಗೊತ್ತು. ಹಾಡುವ ಮೊದಲು ಮನೆಯವರ ಕಿವಿಯ ಬಳಿ ಬಾಗುತ್ತಾರೆ. 'ಒಂದು ನೆನಪು ಕೊಡಮ್ಮಾ' ಅನ್ನುತ್ತಾರೆ. ಸಿಕ್ಕ ಆ ಒಂದು ಎಳೆಯಿಂದ ಇಡೀ ಹಾಡು ಹೆಣೆಯುತ್ತಾರೆ.

ಅದನ್ನು ಕೇಳುವುದು ಹೆಣದ ಮುಂದೆ ಮಾತ್ರ!

ಹೆಣ ಇನ್ನೂ ಆಗಿಲ್ಲ. ಹಾರ ಬಂದಿದೆ. ತಮಟೆ ಕಾಯುತ್ತಿದೆ.

ಸೀನಿಯಮ್ಮಾಳ್ ನನ್ನ ಮುಖ ನೋಡಿದಳು. ತನ್ನ ನೀರಿನ ಬಾಟಲಿ ತೆಗೆದು ನನ್ನ ಕೈಗಿಟ್ಟಳು. ಮಾತ್ರೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಗ್ಗಿದ ಬೀಗದಕೈಯನ್ನು ಬಾಗಿಲ ಚೌಕಟ್ಟಿಗೆ ಬಡಿದು ನೆಟ್ಟಗೆ ಮಾಡಿ ಮೊಪೆಡ್ ಎಬ್ಬಿಸಿದೆ!

ರಾಕ್ಕಾಯಿಯ ಕೊಟ್ಟಿಗೆ ವೈಗೈಯ ಆಚೆ ದಡದಲ್ಲಿ. ಹೊಳೆಯಲ್ಲಿ ನೀರೆಲ್ಲಿ? ಮರಳಿನ ಮೇಲೇ ನುಗ್ಗಿಸಿದೆ.

ಈ ದಡದಲ್ಲಿ ಕಾವಲಿದ್ದ ಬೈಕೊಂದು ಸದ್ದು ಮಾಡುತ್ತಾ ಹಿಂದೆ ಬಂತು. ತಿರುಗಿ ನೋಡಿದೆ. ಕೊಂಬಿನಂಥ ಮೀಸೆ, ಹೆಗಲಿಗೆ ತಮಟೆ, ಸೊಂಟಕ್ಕೆ ಮಚ್ಚು. ರಾಕ್ಕಾಯಿಯ ಗಂಡ ಸುಡಲೈಮುತ್ತು!

"ನಿಲ್ಲು! ನೆನಪು ಕೊಡದೆ ಆ ಕಡೆ ಹೋಗಂಗಿಲ್ಲ!"

ಅದೇ ಗಡಸು ದನಿ. ಬಟ್ಟೆ ಮಾತ್ರ ಇರಲಿಲ್ಲ.

ಮುಂದೆ ಅಗಸರು ಒಣಹಾಕಿದ ಸೀರೆಗಳ ಸಾಲು. ತಲೆ ತಗ್ಗಿಸಿ ಅದರೊಳಗೆ ತೂರಿದೆ. ಅವನಿಗೆ ಮೀಸೆಯ ಹೆಮ್ಮೆ, ತಲೆ ತಗ್ಗಿಸಲಿಲ್ಲ. ಹಳದಿ ಸೀರೆಯೊಂದು ಮುಖಕ್ಕೆ ಸುತ್ತಿ... ಧಡ್!

ಬೈಕ್ ಒಂದು ಕಡೆ, ಅವನು ಒಂದು ಕಡೆ. ತಮಟೆ ಉರುಳುತ್ತಾ ಬಂದು ನನ್ನ ಚಕ್ರಕ್ಕೆ ತಾಗಿ ನಿಂತಿತು. ಅವನು ಸೀರೆಯ ಒಳಗಿಂದಲೇ ಕೂಗಿದ.

"ಅಕ್ಕಾ, ಚರ್ಮ ಹರಿದಿದೆಯಾ ನೋಡು! ಈಗಷ್ಟೇ ಕಾಯಿಸಿದ್ದು!"

ನೋಡಿದೆ. ಹರಿದಿರಲಿಲ್ಲ. ಎತ್ತಿಕೊಂಡು ಹೋಗಿ ಅವನ ಕೈಗೆ ಕೊಟ್ಟೆ.

"ತುಂಬಾ ಉಪಕಾರ ಅಕ್ಕಾ."

"ಇರಲಿ."

ನಾನು ಮತ್ತೆ ಮೊಪೆಡ್ ಹತ್ತಿದೆ. ಅವನು ಮತ್ತೆ ಬೆನ್ನಟ್ಟಿದ!

ಕೊಟ್ಟಿಗೆಯ ಬಾಗಿಲಲ್ಲಿ ಹಿಡಿದ. ಮಚ್ಚು ನನ್ನ ಕುತ್ತಿಗೆಗೆ ಬಂದಿದ್ದು ಆಗಲೇ. ಪಕ್ಕದಲ್ಲಿ ಹುಲ್ಲಿನ ಬೆಂಕಿ, ಅದರ ಸುತ್ತ ಒರಗಿಸಿಟ್ಟ ತಮಟೆಗಳು. ಆ ವಾಸನೆ.

"ಒಂದೇ ಒಂದು ನೆನಪು ಅಕ್ಕಾ! ಯಾಕಿಷ್ಟು ಜಿಪುಣತನ?"

"ಇಲ್ಲ ಕಣಪ್ಪಾ. ಇದ್ರೆ ಕೊಡ್ತಿರಲಿಲ್ವಾ?"

ಮಚ್ಚಿನ ಅಂಚಿನಲ್ಲಿ ಎಳನೀರಿನ ನಾರು ಅಂಟಿಕೊಂಡಿದ್ದು ಕಂಡಿತು. ಕಾಯಿ ಕೆತ್ತುವ ಮಚ್ಚು, ಅಷ್ಟು ಸಾಕು. ಅವನ ಮಣಿಕಟ್ಟು ಹಿಡಿದು ಹಿಂದಕ್ಕೆ ತಿರುಚಿದೆ.

"ಅಯ್ಯಯ್ಯೋ! ಅದು ಬಾರಿಸೋ ಕೈ ಅಕ್ಕಾ!"

ಪಾಪ, ಅನ್ನದ ಕೈ. ಅದನ್ನು ಬಿಟ್ಟು ಇನ್ನೊಂದನ್ನು ತಿರುಚಿದೆ. ನೋವಿಗೆ ಮಚ್ಚು ಬಿತ್ತು. ಬಾಗಿಲಿಗೆ ಒದ್ದೆ!

ಒಳಗೆ ಹೆಂಗಸರು ಅರ್ಧವೃತ್ತವಾಗಿ ಕೂತಿದ್ದರು. ತಲೆಗೂದಲು ಬಿಚ್ಚಿಕೊಂಡು. ನಡುವೆ ಒಂದು ಕುರ್ಚಿ.

ಕುರ್ಚಿಯಲ್ಲಿ ಅಮ್ಮ.

ನಮ್ಮ ಕಡೆ ಹೆಣವನ್ನು ಹೇಗೆ ಕೂರಿಸುತ್ತಾರೋ ಹಾಗೆಯೇ. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ. ಹಣೆಗೆ ನಾಣ್ಯ ಅಂಟಿಸಿ. ಕೊರಳಿಗೆ ದೊಡ್ಡ ಹಾರ. ಒಂದು ಕಿವಿ ಬರಿದಾಗಿ ಜೋಲುತ್ತಿತ್ತು.

ತಡವಾಗಿತ್ತು.

ನನ್ನ ತಲೆಯೊಳಗೆ ಪೆನ್ನು ಓಡಿತು. ಸ್ಥಳ, ಕೊಟ್ಟಿಗೆ. ಮೃತಳು, ವೃದ್ಧೆ. ಹಾಜರಿದ್ದವರು... ಅಷ್ಟೆ. ಬೇರೇನೂ ಬರಲಿಲ್ಲ. ಅಳು ಎಲ್ಲಿಂದ ಹೊರಡುತ್ತದೆಂದೇ ನನಗೆ ಗೊತ್ತಿಲ್ಲ.

ಕೈಗಳು ಮಾತ್ರ ನನ್ನನ್ನು ಕೇಳಲಿಲ್ಲ.

ಅವು ಮುಂದೆ ಹೋದವು. ಅಮ್ಮನ ಗದ್ದದ ಬಟ್ಟೆ ಬಿಚ್ಚಿದವು. ಸೊಂಟದಿಂದ ಮಾತ್ರೆ ತೆಗೆದವು. ತುಟಿ ಬಿಡಿಸಿ ಒಳಗಿಟ್ಟವು. ಸೀನಿಯಮ್ಮಾಳ್ ಕೊಟ್ಟ ನೀರು ಹೊಯ್ದವು.

"ಮಾತ್ರೆ ತಗೋ ಅಮ್ಮಾ," ನನ್ನ ದನಿ ಹೇಳುತ್ತಿತ್ತು. "ಊಟಕ್ಕೆ ಮುಂಚೆ ತಗೋಬೇಕು. ಎಷ್ಟು ಸಲ ಹೇಳಿದ್ದೀನಿ. ತಗೋ. ನುಂಗು. ನುಂಗಮ್ಮಾ..."

ಹೆಣ ಕೆಮ್ಮಿತು.

ಒಂದು ಕಣ್ಣು ತೆರೆಯಿತು.

"ಕೊಲ್ತೀಯೇನೇ? ಇಷ್ಟು ನೀರು ಹೊಯ್ದರೆ ನಿಜವಾಗ್ಲೂ ಸಾಯ್ತೀನಿ!"

ನಾನು ನೆಲದ ಮೇಲೆ ಕುಳಿತೆ. ಕುಳಿತೆನೋ, ಬಿದ್ದೆನೋ. ಮೊಣಕಾಲು ಗಡಗಡ ನಡುಗುತ್ತಿತ್ತು.

"ಅಮ್ಮಾ... ಇದೇನಿದು?"

"ಇದು ತಾಲೀಮು!" ಅವಳು ಹಾರ ಸರಿಪಡಿಸಿಕೊಂಡಳು. "ಊರವರ ಅಮ್ಮಂದಿರಿಗೆಲ್ಲ ಹಾಡಿದೆ. ನನಗೆ ಏನು ಹಾಡ್ತಾರೋ ಕೇಳೋದು ಬೇಡ್ವಾ? ಸತ್ತ ಮೇಲೆ ಕೇಳಕ್ಕಾಗುತ್ತಾ? 'ಮಗಳು ಏನು ನೆನಪು ಕೊಡ್ತಾಳೆ' ಅಂತ ರಾಕ್ಕಾಯಿ ಕೇಳಿದ್ಳು. ಹೋಗಿ ಕೇಳು ಅಂದೆ. ಸುಮ್ಮನೆ ಕೇಳಿದ್ರೆ ಪಂಚನಾಮೆ ಓದ್ತೀಯ ಅಂತ ನನಗೆ ಗೊತ್ತಿಲ್ವಾ?"

ಸುಡಲೈಮುತ್ತು ಬಾಗಿಲಲ್ಲಿ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದ. "ಅದನ್ನೇ ಓದಿದ್ಳು ಅತ್ತೆ. ಮಚ್ಚೆ ಸಮೇತ."

ರಾಕ್ಕಾಯಿ ನನ್ನ ಬಳಿ ಬಾಗಿದಳು. ಕೆಲಸದ ದನಿ. ಮೆಲ್ಲಗೆ. "ಒಂದು ನೆನಪು ಕೊಡಕ್ಕಾ."

ಅಮ್ಮ ಬೇರೆ ಕಡೆ ನೋಡಿದಳು. ನೋಡದವಳಂತೆ. ಆದರೆ ಕೋಲು ಹಿಡಿದ ಬೆರಳುಗಳು ಬಿಳಿಚಿದ್ದವು. ಆಗ ಅರ್ಥವಾಯಿತು. ಅವಳಿಗೆ ಇದು ಆಟವಾಗಿರಲಿಲ್ಲ. ಮಗಳ ಒಳಗೆ ತಾನು ಎಲ್ಲಾದರೂ ಇದ್ದೇನೆಯೇ ಎಂದು ತಿಳಿಯದೆ ಸಾಯಲು ಅವಳಿಗೆ ಇಷ್ಟವಿರಲಿಲ್ಲ.

ಈ ಸಲ ಸುಳ್ಳು ಹೇಳಲಿಲ್ಲ.

"ನನಗೇನೂ ಕಾಣಲ್ಲ ಅಮ್ಮಾ. ಒಂದು ವಾಸನೆ ಇದೆ. ಹೊರಗಿನ ಆ ಬೆಂಕಿಯದ್ದು. ಯಾವತ್ತಿನದು, ಎಲ್ಲಿಯದು, ಗೊತ್ತಿಲ್ಲ. ಅದು ಬಂದ್ರೆ ಇಲ್ಲಿ..." ಎದೆ ಮುಟ್ಟಿಕೊಂಡೆ. "ಇಲ್ಲಿ ಏನೋ ಸಡಿಲ ಆಗುತ್ತೆ. ಅದಕ್ಕೇನಂತಾರೋ ನನಗೆ ಗೊತ್ತಿಲ್ಲ."



"ನಿದ್ದೆ ಅಂತಾರೆ," ಅಮ್ಮ ಹೇಳಿದಳು. ದನಿ ಒಡೆದಿತ್ತು. "ಮಾರ್ಗಳಿ ತಿಂಗಳ ಚಳೀಲಿ ನಾನು ಹಾಡಕ್ಕೆ ಹೋದಾಗ ನಿನ್ನನ್ನ ತಮಟೆ ಬೆಂಕಿ ಪಕ್ಕ ಮಲಗಿಸ್ತಿದ್ದೆ. ಬೇರೆ ಎಲ್ಲೂ ಮಲಗ್ತಿರಲಿಲ್ಲ ನೀನು. ಇಡೀ ಊರು ಅಳ್ತಿದ್ರೂ ನೀನು ನಿದ್ದೆ."

"ಮತ್ತೆ ಈಗ ಕಾಲು ನಡುಗ್ತಿರೋದು?"

"ಅದು ಭಯ ಕಣೇ, ಪೊಲೀಸಮ್ಮ."

"ಬೀಗದಕೈ ಬಗ್ಗಿತ್ತು."

"ಅದೂ ಭಯವೇ."

ರಾಕ್ಕಾಯಿ ಕಣ್ಣೊರೆಸಿಕೊಂಡು ಹಿಂದೆ ಸರಿದಳು. ಸುಡಲೈಮುತ್ತು ತಮಟೆ ಎತ್ತಿದ. ಅವಳು ಎದೆಗೆ ಕೈಯಿಟ್ಟು ಶುರು ಮಾಡಿದಳು. 'ಹೆಣದ ಬಾಯಿಗೂ ಮಾತ್ರೆ ಇಟ್ಟೆಯಲ್ಲೇ ಮಗಳೇ... ನುಂಗಮ್ಮಾ ನುಂಗಮ್ಮಾ ಅಂದೆಯಲ್ಲೇ...'

ಹೆಂಗಸರೆಲ್ಲ ಅತ್ತರು. ಸುಡಲೈಮುತ್ತುವಿನ ಮೀಸೆ ಒದ್ದೆಯಾಯಿತು. ಹೆಣವಂತೂ ಹಾರ ಕಿತ್ತುಹೋಗುವ ಹಾಗೆ ಅತ್ತು, ನಡುನಡುವೆ "ಅಲ್ಲಿ ಇನ್ನೂ ಸ್ವಲ್ಪ ಎಳಿಯೇ!" ಎಂದು ತಿದ್ದುತ್ತಿತ್ತು.

ನನ್ನ ಕಣ್ಣಲ್ಲೂ ನೀರಿತ್ತು. ಹುಲ್ಲಿನ ಹೊಗೆ ಇರಬಹುದು. ತನಿಖೆ ಮುಂದುವರಿದಿದೆ.

ಹಾಡು ಮುಗಿದ ಮೇಲೆ ನಾನು ಗದರಿದೆ. "ಮೊದಲು ಏನಾದ್ರೂ ತಿನ್ನು! ಬೆಳಿಗ್ಗೆಯಿಂದ ಉಪವಾಸ!"

"ಯಾರು ಉಪವಾಸ?" ಅಮ್ಮ ಹಣೆಯ ನಾಣ್ಯ ಕಿತ್ತು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. "ನಾನು ಆಗಲೇ ಇಡ್ಲಿ ತಿಂದೆ. ಮಾತ್ರೇನೂ ನುಂಗಿದ್ದೆ, ರಾಕ್ಕಾಯಿ ತಂದಿಟ್ಟಿದ್ಳು. ಈಗ ನೀನು ತುರುಕಿದ್ದನ್ನ ಉಗಿದೆ."



ಅವಳು ಕೋಲೂರಿ ಎದ್ದಳು. ಬಲಗಾಲು ಎಳೆಯುತ್ತಾ ಮೂಲೆಗೆ ಹೋದಳು. ಮುಚ್ಚಿಟ್ಟಿದ್ದ ತಟ್ಟೆಯೊಂದನ್ನು ತಂದಳು. ಅನ್ನ, ಒಣಮೀನಿನ ಸಾರು, ಅಂಚಿಗೆ ಒಂದು ಸುಟ್ಟ ಹಪ್ಪಳ. ಬೆಳಿಗ್ಗೆಯಿಂದ ಏನೂ ತಿನ್ನದಿದ್ದವಳು ನಾನು. ಅದು ಅವಳಿಗೆ ಮಾತ್ರ ನೆನಪಿತ್ತು.

ತಟ್ಟೆಯನ್ನು ನನ್ನ ಕೈಗಿಟ್ಟಳು.

ಅಪಹರಣ, ಬೆದರಿಕೆ, ಮಾರಕಾಯುಧ... ದೊಡ್ಡ ಕೇಸು. ಕೈಗೆ ಸಿಕ್ಕಿದ್ದು ಒಂದೇ ಒಂದು ಸಾಕ್ಷ್ಯ. ಅದನ್ನೂ ಹಪ್ಪಳ ಸಮೇತ ತಿಂದು ಮುಗಿಸಿದೆ.