ಓಲೆಯ ಕೊನೆಯ ಸಾಲುಗಳು

ಏಳು ಕೆರೆ ದಾಟಿದರೆ ಸಿಗುತ್ತಿದ್ದ ಮಿಣುಕಾಪುರದಲ್ಲಿ, ಬಹಳ ಹಿಂದೆ, ಒಂದು ಓಲೆಯ ಮಾತು ಕೇಳುವ ಅರಮನೆಯಿತ್ತು. ದೀಪ ಉರಿಯಲಿ, ಬಾವಿ ಸಿಹಿಯಾಗಿರಲಿ, ರಾಜಕುಮಾರಿ ನಗುತ್ತಿರಲಿ ಎಂದು ಓಲೆಯಲ್ಲಿದ್ದರೆ ಹಾಗೆಯೇ ಆಗುತ್ತಿತ್ತು. ಪ್ರತಿ ಮುಂಜಾನೆ ಹೊನ್ನಲೆ ಅಜ್ಜಿ ಅದನ್ನು ಹಾಸುಗಲ್ಲಿನ ಮೇಲೆ ಬಿಚ್ಚಿ ಜನಕ್ಕೆ ಓದಿ ಹೇಳುತ್ತಿದ್ದಳು. ಅರಮನೆಯೂ ತಾನೇ ಓದಿಕೊಳ್ಳುತ್ತಿತ್ತು. ಒಂದೇ ವಿಷಯ ಎರಡು ಸಲ ಬಂದರೆ ಕೊನೆಯದೇ ಸರಿ. ತಲೆಗೆ ಕಾಡಿಗೆಯ ಬೊಟ್ಟಿಟ್ಟ ಸಾಲನ್ನು ಅರಮನೆ ಓದುತ್ತಿರಲಿಲ್ಲ.

ಮೂವತ್ತು ವರ್ಷ ಓದಿ ಓಲೆ ಹೊನ್ನಲೆಗೆ ಬಾಯಿಪಾಠವಾಗಿತ್ತು. ಕಣ್ಣು ಮುಚ್ಚಿಯೇ ಒಪ್ಪಿಸಿಬಿಡುತ್ತಿದ್ದಳು.

ಒಂದು ದಿನ ದೀಪಗಳೆಲ್ಲ ಆರಿದವು. ಹೊನ್ನಲೆ ಎಣ್ಣೆಯವನ ಮೇಲೆ ಗುಮಾನಿಪಟ್ಟಳು. ಹಣತೆ ತುಂಬ ಎಣ್ಣೆಯಿತ್ತು. ಮರುದಿನ ಬಾವಿ ಕಹಿಯಾಯಿತು. ನೀರು ಸೇದುವವಳನ್ನು ಶಂಕಿಸಿದಳು. ಪಾಪ, ಅವಳೇ ಬಾಯಾರಿ ಕೂತಿದ್ದಳು. ಮೂರನೆಯ ದಿನ, ಹೊನ್ನಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ್ದ ರಾಜಕುಮಾರಿ ಮಾಳವ್ವೆ ನಿಂತಲ್ಲೇ ಕಲ್ಲಾದಳು.

"ಮುದುಕಿಯ ನಾಲಿಗೆ ತಪ್ಪಿದೆ ಪ್ರಭು, ಕತ್ತರಿಸಿಬಿಡಿ" ಎಂದ ಹೊಸ ಮಂತ್ರಿ ಕರ್ಕೋಟಿ. ದೊರೆ ನಾಳಿನ ಓದಿನವರೆಗೆ ಗಡುವು ಕೊಟ್ಟ.

ಹೊನ್ನಲೆಗೆ ನಾಲಿಗೆಗಿಂತ ಮಗುವಿನ ಸಂಕಟವೇ ಹೆಚ್ಚಾಯಿತು. ಯಾರಿರಬಹುದು? ಮೂರು ದಿನದಿಂದ ಓದಾದ ಮೇಲೆ ಕರ್ಕೋಟಿ ಬಂದು, ನಿಮಗೇಕೆ ಶ್ರಮ ಅಜ್ಜಿ ಎಂದು ಓಲೆ ತೆಗೆದುಕೊಂಡು ಹೋಗಿ ತಾನೇ ದಾರ ಸುತ್ತಿಡುತ್ತಿದ್ದ. ಅತಿ ವಿನಯಂ ಧೂರ್ತ ಲಕ್ಷಣಂ. ಎಲ್ಲರನ್ನೂ ಶಂಕಿಸಿದವಳು ತನ್ನ ಬಾಯಿಪಾಠವನ್ನು ಮಾತ್ರ ಶಂಕಿಸಿರಲಿಲ್ಲ.

ಬೆಳಗಾಯಿತು. ಈ ಸಲ ಕಣ್ಣು ಬಿಟ್ಟು, ಬೆರಳಿಟ್ಟು ಓದಿದಳು. ತಳದಲ್ಲಿ ನಾಲ್ಕು ಹೊಸ ಸಾಲುಗಳಿದ್ದವು: ದೀಪ ಆರಲಿ. ಬಾವಿ ಕಹಿಯಾಗಲಿ. ರಾಜಕುಮಾರಿ ಕಲ್ಲಾಗಲಿ. ಕರ್ಕೋಟಿ ಮನುಷ್ಯನಂತೆಯೇ ಕಾಣುತ್ತಿರಲಿ.

ಉಗುರಿನಿಂದ ಕೆರೆದಳು, ಮಾಟದ ಮಸಿ ಜಗ್ಗಲಿಲ್ಲ. ಆಗ ತನ್ನ ಕಣ್ಣಿನ ಕಾಡಿಗೆಯನ್ನೇ ಬೆರಳಿಗೆ ತೆಗೆದು ನಾಲ್ಕೂ ಸಾಲಿನ ತಲೆಗೆ ಬೊಟ್ಟಿಟ್ಟಳು. ಅರಮನೆ ಮತ್ತೆ ಓದಿಕೊಂಡಿತು. ದೀಪ ಹತ್ತಿತು, ಬಾವಿ ಸಿಹಿಯಾಯಿತು. ಮಂತ್ರಿಯ ಪೀಠದಿಂದ ಒಂದು ನರಿ ಇಳಿದು, ಬಾಲ ಮುದುರಿಕೊಂಡು ಕಾಡಿಗೆ ಓಡಿತು.

"ಅಜ್ಜಿ, ಕಾಲು ಜೋಮು ಹಿಡಿದಿದೆ" ಎಂದಳು ಮಾಳವ್ವೆ.

ಹೊನ್ನಲೆ ಅವಳ ಕಾಲು ತಿಕ್ಕುತ್ತಾ ಅತ್ತಳು. "ಮೂರು ದಿನ ಕಣ್ಣು ಮುಚ್ಚಿ ಓದಿದೆ ಪ್ರಭು. ನನ್ನದೂ ತಪ್ಪಿದೆ" ಎಂದಳು.

ದೊರೆ ಕ್ಷಮಿಸಿದ. ಮಿಣುಕಾಪುರದವರು ಸುಖವಾಗಿ ಬಾಳಿದರು. ಅಂದಿನಿಂದ ಹೊನ್ನಲೆ ಓದುವಾಗ ಮಾಳವ್ವೆ ಮಡಿಲಲ್ಲಿ ಕೂತು, ಅಜ್ಜಿಯ ಕಣ್ಣು ತೆರೆದಿದೆಯೇ ಎಂದು ಬಗ್ಗಿ ನೋಡುತ್ತಿದ್ದಳು.