ಗೋಡೆಯ ಎರಡು ಬಿಳುಪು

ಹೊಸ ಮನೆಯ ಬೀಗದ ಕೈ ಸಿಕ್ಕ ದಿನ ಅವಳು ಮೊದಲು ನೋಡಿದ್ದು ಗೋಡೆಯನ್ನು, ಆಮೇಲೆ ಗೋಡೆಗೆ ಬಣ್ಣ ಬಳಿಯುತ್ತಿದ್ದವನನ್ನು. ಪೇಂಟ್ ಮಾಡಿಸಿಯೇ ಕೊಡುತ್ತೇನೆಂದು ಹಳೆಯ ಮಾಲೀಕ ಒಪ್ಪಿದ್ದ. ಪೇಂಟರ್ ನಡುಮನೆಯ ಕೊನೆಯ ಗೋಡೆಯ ಬಳಿ ಏಣಿ ಹತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿದಳು. ಹತ್ತು ವರ್ಷ ಕನ್ನಡಕದಂಗಡಿಯಲ್ಲಿ ಊರವರ ಕಣ್ಣು ಪರೀಕ್ಷಿಸಿದವಳು. ಅವಳ ಕಣ್ಣು ತಪ್ಪಿಸುವುದು ಸುಲಭವಲ್ಲ.

“ಸೊಂಟದ ಮೇಲೊಂದು ಬಿಳಿ, ಕೆಳಗೊಂದು ಬಿಳಿ ಇದೆಯಲ್ಲ?”

ಅವನು ಏಣಿಯಿಂದ ಇಳಿದು ಗೋಡೆ ನೋಡಿದ, ಅವಳನ್ನು ನೋಡಿದ, ಮತ್ತೆ ಗೋಡೆ ನೋಡಿದ. “ಎರಡೂ ಒಂದೇ ಡಬ್ಬದ್ದು ಮೇಡಂ.”

“ಹಾಗಾದ್ರೆ ನಿಮ್ಮ ಕಣ್ಣು ತೋರಿಸ್ಕೊಳ್ಳಿ. ನಮ್ಮ ಅಂಗಡಿ ಬಸ್ ಸ್ಟಾಪಿನ ಎದುರಿಗೇ ಇದೆ.”

ಜೊತೆಗಿದ್ದ ಚಿಕ್ಕಮ್ಮ ನಕ್ಕರು. ಅಮ್ಮ ಹೋದ ಮೇಲೆ ಅವಳನ್ನು ಸಾಕಿದವರು ಅವರೇ. ಇಬ್ಬರ ಉಳಿತಾಯ, ಹದಿನೈದು ವರ್ಷದ ಸಾಲ ಎಲ್ಲ ಸೇರಿ ಕೊಂಡ ಮನೆ ಅದು. ಕಾಲಿಡುವ ಮೊದಲೇ ಗಿರಾಕಿ ಹಿಡಿದಳು ನಮ್ಮ ಹುಡುಗಿ, ಎಂದರು.

ಮೂರನೆಯ ದಿನ ಗಿರಾಕಿ ನಿಜಕ್ಕೂ ಬಂದ. ಕೈ ತಿಕ್ಕಿ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಅವಳ ಮನೆಯ ಬಿಳಿಯೇ ಇತ್ತು. ಅವಳು ಅವನ ಮೂಗಿನ ಮೇಲೆ ಪರೀಕ್ಷೆಯ ಫ್ರೇಮ್ ಕೂರಿಸಿ ಗಾಜು ಬದಲಿಸುತ್ತಾ ಹೋದಳು.

“ಇದು ಸ್ಪಷ್ಟವೋ, ಇದೋ?”

“ಇನ್ನೊಂದ್ಸಲ ತೋರಿಸಿ.”

ಒಂದೊಂದು ಉತ್ತರಕ್ಕೂ ಅವನು ಬಹಳ ಹೊತ್ತು ತೆಗೆದುಕೊಂಡ. ಅಕ್ಷರದ ಹಾಳೆಗಿಂತ ತನ್ನ ಕಿವಿಯೋಲೆಯನ್ನೇ ಹೆಚ್ಚು ಓದುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಕೆಳಗಿನ ಎರಡು ಸಾಲನ್ನು ಅವನು ಪೂರ್ತಿ ತಪ್ಪು ಓದಿದ. ಅರ್ಧ ಪವರ್ ಎಂದು ಅವಳು ಬರೆದಳು. ಕಪ್ಪು ಫ್ರೇಮನ್ನು ತಾನೇ ಆರಿಸಿ ಕೊಟ್ಟಳು.

ಆಮೇಲೆ ಆ ಕನ್ನಡಕದ ಸ್ಕ್ರೂ ವಾರಕ್ಕೊಮ್ಮೆ ಸಡಿಲವಾಗತೊಡಗಿತು. ಲೋಕದಲ್ಲಿ ಯಾವ ಸ್ಕ್ರೂವೂ ಹಾಗೆ ಸಡಿಲವಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಎರಡೇ ತಿಂಗಳಲ್ಲಿ ‘ನೀವು’ ಹೋಗಿ ‘ನೀನು’ ಬಂತು. ಬಣ್ಣದವನು ಬಣ್ಣ ಕಟ್ಟಿ ಮಾತಾಡುವುದಿಲ್ಲ, ಅದೇ ಆಶ್ಚರ್ಯ, ಎನ್ನುತ್ತಿದ್ದರು ಚಿಕ್ಕಮ್ಮ.

ಒಂದು ವಿಷಯಕ್ಕೆ ಮಾತ್ರ ಅವನು ಬೆನ್ನು ಹತ್ತಿದ. ಮಳೆಗಾಲಕ್ಕೆ ಮುಂಚೆ ಪ್ರವಾಹದ ಇನ್ಶೂರೆನ್ಸ್ ಮಾಡಿಸಬೇಕು. ಮನೆಯ ಮೇಲೆ ಆಗಲೇ ಪಾಲಿಸಿ ಇದೆಯಲ್ಲ ಎಂದಳು ಅವಳು. ಅದು ಬೆಂಕಿಗೆ, ಕಳ್ಳತನಕ್ಕೆ. ಹೊರಗಿನಿಂದ ಏರಿ ಬರುವ ನೀರಿಗೆ ಬೇರೆಯೇ ಕವರ್ ಬೇಕು, ಅದೂ ಸಹಿ ಹಾಕಿ ಮೂವತ್ತು ದಿನ ಕಳೆಯದೆ ಜಾರಿಗೆ ಬರುವುದಿಲ್ಲ ಎಂದು ಅವನು ಬಿಡಿಸಿ ಹೇಳಿದ. ಬ್ಯಾಂಕಿನವರು ತೋರಿಸಿದ ಪ್ರವಾಹದ ನಕ್ಷೆಯಲ್ಲಿ ಬೀದಿಯ ಹಿಂದಿನ ಕಾಲುವೆಯ ಆಚೆ ದಡಕ್ಕೆ ಮಾತ್ರ ಕೆಂಪು ಬಳಿದಿತ್ತು, ಇವಳ ಬೀದಿಗಲ್ಲ.

“ನೀರು ನಕ್ಷೆ ನೋಡ್ಕೊಂಡು ಬರಲ್ಲ,” ಎಂದ ಅವನು.

ತನ್ನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವರು ಚಿಕ್ಕಮ್ಮನನ್ನು ಬಿಟ್ಟರೆ ಇವನೊಬ್ಬನೇ ಎಂದುಕೊಂಡಳು. ನಿಜ ಹೇಳಬೇಕೆಂದರೆ, ಅವಳು ಅವನಿಗೆ ಪೂರ್ತಿ ಸೋತದ್ದು ಆ ದಿನವೇ. ಫಾರ್ಮ್ ತುಂಬುವಾಗಲೂ ಪಕ್ಕದಲ್ಲೇ ಕೂತಿದ್ದ. ಆರನೆಯ ಪ್ರಶ್ನೆಯನ್ನು ಅವಳು ಗಟ್ಟಿಯಾಗಿ ಓದಿದಳು: ಈ ಮನೆಗೆ ಹಿಂದೆ ನೀರು ನುಗ್ಗಿತ್ತೇ? ಹಳೆಯ ಮಾಲೀಕ ಇಲ್ಲವೆಂದಿದ್ದ. “ಗೋಡೆ ಎಲ್ಲಾ ಕೆರೆದವನು ನೀನು. ನೀನೇ ಹೇಳು.”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಬಹಳ ಹೊತ್ತು ಒರೆಸಿದ. “ನನಗೇನೂ ಕಂಡಿಲ್ಲ.”

‘ಇಲ್ಲ’ ಎಂದು ಬರೆದು ಅವಳು ಸಹಿ ಹಾಕಿದಳು.

ಸಹಿ ಹಾಕಿ ಐವತ್ತನೆಯ ದಿನ, ಮಟಮಟ ಮಧ್ಯಾಹ್ನ, ಕಾಲುವೆ ದಡ ಮೀರಿತು. ಚಿಕ್ಕಮ್ಮ ಮನೆಪತ್ರಗಳ ಚೀಲವೊಂದನ್ನು ಹಿಡಿದು ಪಕ್ಕದವರ ಮಹಡಿ ಸೇರಿದರು. ನೀರು ಸೊಂಟದವರೆಗೆ ನಿಂತು ಮರುದಿನ ಇಳಿಯಿತು. ಬಾಗಿಲುಗಳು ಉಬ್ಬಿದವು, ವೈರಿಂಗ್ ಸತ್ತಿತು, ನೆಲದ ಹಾಸು ಎದ್ದಿತು. ಕ್ಲೇಮ್ ಸಿಕ್ಕರೆ ಮನೆ ಉಳಿಯುತ್ತದೆ. ಸಿಗದಿದ್ದರೆ ಸಿಕ್ಕ ಬೆಲೆಗೆ ಮಾರಿ ಹೊರಡಬೇಕು. ನಡುವೆ ಮೂರನೆಯ ದಾರಿ ಇರಲಿಲ್ಲ.

ಇನ್ಶೂರೆನ್ಸ್ ಸರ್ವೇಯರ್ ಬಂದ. ಮಾತು ಕಡಿಮೆ, ಕೆಲಸ ಚೊಕ್ಕ. ನಡುಮನೆಯ ಕೊನೆಯ ಗೋಡೆ ಗುಳ್ಳೆ ಎದ್ದಿತ್ತು. ಅಲ್ಲಿ ಹೆಬ್ಬೆರಳು ಒತ್ತಿ ಎಳೆದ. ಬಣ್ಣ ಹಾಲಿನ ಕೆನೆಯಂತೆ ಸುರುಳಿಯಾಗಿ ಬಂತು. ಕೆಳಗೆ ಉದ್ದಕ್ಕೆ ಹಳೆಯ ಕಂದು ಗೆರೆ. ಅದರ ಪಕ್ಕ ಮೂರು ಪೆನ್ಸಿಲ್ ಗೀಟು, ಒಂದೊಂದರ ಮುಂದೂ ಒಂದೊಂದು ವರ್ಷ. ಮೂರು ಸಲ ನೀರು ಬಂದು ಹೋದ ಲೆಕ್ಕ.

ಕೆಳಗಿನ ಅರ್ಧಕ್ಕೆ ತೇವ ತಡೆಯುವ ಬೇರೆ ಬಣ್ಣ ಬಳಿದಿದ್ದಾರೆ ಎಂದ ಸರ್ವೇಯರ್. ನೀವು ‘ಇಲ್ಲ’ ಅಂತ ಬರೆದಿದ್ದೀರಲ್ಲ ಎಂದೂ ಕೇಳಿದ.

ಎರಡು ಬಿಳಿ. ಅವಳಿಗೆ ಸರಿಯಾಗಿಯೇ ಕಂಡಿತ್ತು.

ಅವಳು ಕರೆದ ಕೂಡಲೇ, ಸರ್ವೇಯರ್ ಇನ್ನೂ ಅಲ್ಲಿರುವಾಗಲೇ, ಬಣ್ಣದವನು ಬಂದ. ಬಾಗಿಲಲ್ಲಿ ನಿಂತು ಸುಲಿದ ಗೋಡೆ ನೋಡಿದ, ಯಾರೂ ಕೇಳದೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. ಹಳೆಯ ಮಾಲೀಕ ಮುಚ್ಚು ಅಂದ, ಮುಚ್ಚಿದೆ ಎಂದ.

“ಆಗ ನೀನು ಯಾರೋ ನನಗೆ ಗೊತ್ತಿರಲಿಲ್ಲ.”

“ಗೊತ್ತಾದ ಮೇಲೆ?”

“ಹೇಳಿದ್ರೆ ನೀನು ನನ್ನ ಬಿಟ್ಟು ಹೋಗ್ತೀಯ ಅನ್ನಿಸ್ತು. ಅದಕ್ಕೇ ಪಾಲಿಸಿ ಮಾಡಿಸು ಅಂತ ಪ್ರಾಣ ತಿಂದೆ.”

ಯಾವುದನ್ನು ಪ್ರೀತಿ ಎಂದು ಅಪ್ಪಿಕೊಂಡಿದ್ದಳೋ ಅದು ಅವನ ಪಾಪಪ್ರಜ್ಞೆಯಾಗಿತ್ತು. ಮನೆ ಮುಳುಗಿದಾಗ ಅಳದವಳು ಈಗ ಕಣ್ಣೊರೆಸಿಕೊಂಡಳು.

ಅವನು ನಿಂತಲ್ಲಿಂದಲೇ ಸರ್ವೇಯರ್ ಮೇಜಿನ ಮೇಲಿಟ್ಟಿದ್ದ ಪಾಲಿಸಿಯ ಹಾಳೆ ನೋಡಿದ. ಬಾಗಿಲಲ್ಲಿ ಅವನು, ಐದಾರು ಹೆಜ್ಜೆ ಆಚೆ ಮೇಜು. ಅದರ ಕೆಳಗಿನ ಸಣ್ಣಕ್ಷರದ ಷರತ್ತನ್ನು ಮೆಲ್ಲಗೆ ಓದಿದ: ‘ತಿಳಿದೂ ಮುಚ್ಚಿಟ್ಟಿದ್ದರೆ ಮಾತ್ರ ಕ್ಲೇಮ್ ರದ್ದು.’

“ಇವಳಿಗೆ ತಿಳಿದಿರಲಿಲ್ಲ ಸರ್. ನನಗೆ ತಿಳಿದಿತ್ತು. ಬರೆದು ಸಹಿ ಹಾಕ್ತೀನಿ.”

ಸರ್ವೇಯರ್ ಪೆನ್ನು ಕೊಟ್ಟ. ಮನೆ ಉಳಿಯಬಹುದು ಎಂದರು ಚಿಕ್ಕಮ್ಮ. ಅವಳು ಮಾತ್ರ ಅವನ ಕೈಯನ್ನೇ ನೋಡುತ್ತಿದ್ದಳು. ಕನ್ನಡಕ ಇನ್ನೂ ಅಲ್ಲೇ ಇತ್ತು.

“ಅಷ್ಟು ದೂರದಿಂದ ಹೇಗೆ ಓದಿದೆ?”

ಅವನು ಕನ್ನಡಕವನ್ನು ಜೇಬಿಗಿಳಿಸಿದ. ಕಣ್ಣು ಪರೀಕ್ಷಿಸುವವಳ ಕಣ್ಣಿಗೇ ಮಣ್ಣೆರಚಿದ್ದ. ಗೋಡೆಯ ಸುಳ್ಳು ಉಳಿಸಲು ಕಣ್ಣಿನ ಸುಳ್ಳು ಹೇಳಿದ್ದ, ಅವಳೇ ಹಿಡಿದ ಗಾಜಿನ ಮುಂದೆ ಕೂತು.

“ತಲೆನೋವು ಬರ್ತಿರಲಿಲ್ವಾ?”

“ದಿನಾ ಬರ್ತಿತ್ತು.”

ಕ್ಲೇಮ್ ಪಾಸಾಗಲು ಎರಡು ತಿಂಗಳು ಹಿಡಿಯಿತು. ಬರೆದುಕೊಟ್ಟ ಸುದ್ದಿ ಹರಡಿ ಅವನ ಕೈಯಿಂದ ನಾಲ್ಕು ಮನೆ ಕೆಲಸ ತಪ್ಪಿತಂತೆ. ಮಾಡಿದ್ದುಣ್ಣೋ ಮಹರಾಯ, ಎಂದರು ಚಿಕ್ಕಮ್ಮ. ಆದರೂ ಅವನು ಸೊರಗಿದ್ದಾನೆ ಎಂದೂ ಅವರೇ ಹೇಳಿದರು.

ಒಂದು ಸಂಜೆ ಅವನು ಅಂಗಡಿಗೆ ಬಂದ. ಕೈಯಲ್ಲಿ ಅದೇ ಕಪ್ಪು ಫ್ರೇಮ್. ಅವಳ ಎದೆ ಹಾರಿತು. ಇನ್ನೂ ಹಾರುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಕೂತ್ಕೊಳ್ಳಿ,” ಎಂದಳು.

‘ನೀವು’ ತಿರುಗಿ ಬಂದದ್ದು ಅವನಿಗೂ ಕೇಳಿಸಿತು. ಕುರ್ಚಿಯ ತುದಿಯಲ್ಲಿ ಕೂತ. ಅವಳು ಹಾಳೆಯ ಹಿಂದಿನ ದೀಪ ಹಚ್ಚಿದಳು.

“ಈ ಸಲ ಕಂಡಿದ್ದನ್ನೇ ಓದಿ.”

ಅವನು ಓದಿದ. ಮೇಲಿನಿಂದ ಕೆಳಗಿನ ಸಾಲಿನವರೆಗೆ ಒಂದಕ್ಷರ ತಪ್ಪಲಿಲ್ಲ. ಅವಳು ಚೀಟಿಯಲ್ಲಿ ಬರೆದಳು: ಕಣ್ಣು ಸರಿಯಾಗಿದೆ, ಕನ್ನಡಕ ಬೇಕಿಲ್ಲ.

“ಹಾಗಾದ್ರೆ ಇನ್ನು ನಾನು ಇಲ್ಲಿಗೆ...”

“ಕಣ್ಣು ಸರಿ ಇರೋರಿಗೆ ಇಲ್ಲೇನು ಕೆಲಸ?”

ಅವನು ಚೀಟಿಯನ್ನು ಜೇಬಿಗಿಟ್ಟು, ಕನ್ನಡಕವನ್ನು ಮೇಜಿನ ಮೇಲೆ ಬಿಟ್ಟು ಹೋದ. ಬಾಗಿಲ ಹತ್ತಿರ ಒಂದು ಗಳಿಗೆ ನಿಂತ. ಅವಳು ಕರೆಯಲಿಲ್ಲ.

ಅವನು ಬಸ್ ಹತ್ತಿದ ಮೇಲೆ ಅವಳು ಅದೇ ಕುರ್ಚಿಯಲ್ಲಿ ಕೂತು ಆ ಕನ್ನಡಕ ಹಾಕಿಕೊಂಡಳು. ಹುಬ್ಬಿನ ಮೇಲೆ ನೋವು ಹಿಡಿಯಿತು, ಕಣ್ಣು ತುಂಬಿತು, ತೆಗೆಯಲಿಲ್ಲ. ಒಳಗೆ ಬಂದ ಗಿರಾಕಿ, ಏನಾಯ್ತು ಅಕ್ಕಾ ಎಂದು ಕೇಳಿದಳು.

“ಏನಿಲ್ಲ,” ಎಂದಳು, “ಇದು ನನ್ನ ನಂಬರಿನದಲ್ಲ.”